ಫೋನು ಬರೆದ ಚಂದ್ರ

ಅವಳು ಮೊದಲ ಸಲ ಕನ್ನಡಕದ ಅಂಗಡಿಗೆ ಕಾಲಿಟ್ಟ ಮಧ್ಯಾಹ್ನ, ಗಾಜಿನ ಕಪಾಟಿನಲ್ಲಿ ಸಾಲಾಗಿ ಕೂತಿದ್ದ ಕನ್ನಡಕಗಳೆಲ್ಲ ಒಟ್ಟಿಗೆ ತಿರುಗಿ ಅವಳನ್ನೇ ನೋಡಿದವು. ನಂಬದವರು ನಂಬದಿರಲಿ. ಕಣ್ಣು ಪರೀಕ್ಷೆ ಮಾಡುವ ಹುಡುಗನಂತೂ ನೋಡಿದ. ಅವನ ಕಣ್ಣು ಅಲ್ಲಿಂದ ವಾಪಸ್ ಬರಲು ಸುಮಾರು ಒಂದು ಯುಗ ಹಿಡಿಯಿತು.

ಆ ಹುಡುಗನನ್ನು ಅಂಗಡಿಯಲ್ಲಿ, ಮನೆಯಲ್ಲಿ, ಬೀದಿಯಲ್ಲಿ ಎಲ್ಲರೂ ಕರೆಯುತ್ತಿದ್ದುದು ಲೇಟೆಸ್ಟು ಎಂದು. ಹೆಸರಿಟ್ಟವನು ಅಂಗಡಿಯ ಯಜಮಾನ, ಅವನ ಸೋದರಮಾವ. ಹೊಸ ಫೋನು, ಹೊಸ ಗೇಮು, ಹೊಸ ಇಯರ್‌ಬಡ್ಡು ಯಾವುದು ಬಂದರೂ ಅದನ್ನು ತಯಾರಿಸಿದ ಕಂಪನಿಗಿಂತ ಮೊದಲೇ ಲೇಟೆಸ್ಟುಗೆ ಗೊತ್ತಾಗುತ್ತಿತ್ತು. ಅವನ ಡ್ರಾಯರಿನಲ್ಲಿದ್ದ ಚಾರ್ಜರಿನ ವೈರುಗಳನ್ನು ಬಿಡಿಸಿ ಗಂಟು ಹಾಕಿದ್ದರೆ ಭೂಮಿಗೆ ಎರಡು ಸುತ್ತು ಬರುತ್ತಿತ್ತು. ಬೇಕಾದ ವೈರು ಮಾತ್ರ ಒಂದು ದಿನವೂ ಸಿಕ್ಕಿದ್ದಿಲ್ಲ.

ಅವನಿಗೊಂದು ಬ್ಲಾಗ್ ಇತ್ತು. ತಲೆಗೆ ಹೊಳೆದದ್ದನ್ನೆಲ್ಲ ದಿನವೂ ಅದರಲ್ಲಿ ಸುರಿಯುತ್ತಿದ್ದ. ಗೇಮಿನಲ್ಲಿ ಸತ್ತವನು ಮತ್ತೆ ಹುಟ್ಟುವ ಜಾಗ ಯಾವಾಗಲೂ ಬಂದೂಕಿನಿಂದ ದೂರವೇ ಯಾಕಿರುತ್ತದೆ. ಬ್ಯಾಟರಿ ಇಪ್ಪತ್ತಕ್ಕಿಳಿದಾಗ ಆಗುವ ಗಾಬರಿ ಹತ್ತಕ್ಕಿಳಿದಾಗ ಯಾಕೆ ಆಗುವುದಿಲ್ಲ. ಚಂದ್ರನ ಬೆಳಕು ಇಲ್ಲಿಗೆ ಬರಲು ಸೆಕೆಂಡಿಗಿಂತ ತುಸು ಹೆಚ್ಚು ಹಿಡಿಯುವುದರಿಂದ ನಾವು ನೋಡುವುದೆಲ್ಲ ಸೆಕೆಂಡ್ ಹ್ಯಾಂಡ್ ಚಂದ್ರನೇ ತಾನೆ. ಇಂಥ ಗಹನ ವಿಚಾರಗಳು. ಓದುಗರು ಲಕ್ಷಗಟ್ಟಲೆ ಎಂದು ಅವನು ಹೇಳಿಕೊಳ್ಳುತ್ತಿದ್ದ. ಖಾತ್ರಿಯಾಗಿ ಓದುತ್ತಿದ್ದವಳು ಅವನ ಅಕ್ಕ ಒಬ್ಬಳೇ.

ಬಂದವಳು ಚೀಲದಿಂದ ಕರವಸ್ತ್ರದಲ್ಲಿ ಸುತ್ತಿದ, ಗಾಜು ಕೂರಿಸಿದ ಒಂದು ಪುಟ್ಟ ಕೊಳವೆ ತೆಗೆದಳು. ಹಕ್ಕಿಮರಿಯನ್ನು ಇಡುವಂತೆ ಮೇಜಿನ ಮೇಲಿಟ್ಟಳು.

“ಇದನ್ನ ಒರೆಸೋಕೆ ಒಂದು ಬಟ್ಟೆ ಬೇಕಿತ್ತು. ಗೀರು ಬೀಳದೇ ಇರೋಂಥದ್ದು.”

“ಯಾವ ಕ್ಯಾಮೆರಾ ಲೆನ್ಸ್ ಮೇಡಂ ಇದು?”

“ಕ್ಯಾಮೆರಾದ್ದಲ್ಲ, ಟೆಲಿಸ್ಕೋಪಿಂದು. ವಿಜ್ಞಾನ ಕೇಂದ್ರದ ಮಹಡಿ ಮೇಲಿದೆಯಲ್ಲ, ಅದು. ನಾನೇ ನೋಡ್ಕೊಳ್ಳೋದು.”

“ಆಟೋಫೋಕಸ್ಸಾ?”

“ಇಲ್ಲ. ನಾನೇ ಫೋಕಸ್ಸು.”

ಗಲ್ಲಾದ ಹಿಂದೆ ಮಾವ ಕೆಮ್ಮಿದ. ಅದು ಕೆಮ್ಮಲ್ಲ ಎಂದು ಮೂವರಿಗೂ ಗೊತ್ತಿತ್ತು.

ಬಟ್ಟೆ ಕೊಡುವ ನೆಪದಲ್ಲಿ ಲೇಟೆಸ್ಟು ಅವಳಿಂದ ಬದುಕಿನ ಅರ್ಧ ವಿವರ ತೆಗೆದ. ಅವಳು ಚಂದ್ರನ ಫೋಟೋ ತೆಗೆಯುವುದಿಲ್ಲ, ಚಿತ್ರ ಬರೆಯುತ್ತಾಳೆ. ಕಪ್ಪು ಹಾಳೆ, ಬಿಳಿ ಪೆನ್ಸಿಲ್. ಕಣ್ಣು ಟೆಲಿಸ್ಕೋಪಿನ ಮೇಲೆ, ಕೈ ಹಾಳೆಯ ಮೇಲೆ. ವಿಜ್ಞಾನ ಕೇಂದ್ರದ ಮೆಟ್ಟಿಲ ಗೋಡೆಗೆಲ್ಲ ಅವಳ ಚಂದ್ರರೇ.

“ಈ ಕಾಲದಲ್ಲೂ ಕೈಯಲ್ಲಿ ಬರೀತೀರಾ?”

“ಕಾಲಲ್ಲಿ ಪ್ರಯತ್ನ ಪಟ್ಟೆ. ಸರಿ ಬರಲಿಲ್ಲ.”

ಹೇಳಿ, ಅವಳು ಮುಖ ಎತ್ತದೆ ಕಣ್ಣನ್ನಷ್ಟೇ ಎತ್ತಿದಳು. ಒಂದು ಹುಬ್ಬು ಏರಿತು, ಇನ್ನೊಂದು ತಾನಿದ್ದಲ್ಲೇ ಉಳಿಯಿತು. ಆ ಏರಿದ ಹುಬ್ಬಿನ ಎತ್ತರಕ್ಕೆ ಹತ್ತಿ ನಿಂತು ಲೇಟೆಸ್ಟು ಕೆಳಗೆ ನೋಡಿದ; ತಲೆ ಸುತ್ತಿತು.

“ಅರ್ಧಚಂದ್ರನ ದಿನ ಸಂಜೆ ಬನ್ನಿ,” ಎಂದಳು ಹೊರಡುವಾಗ. “ಜನರಿಗೆ ತೋರಿಸ್ತೀವಿ. ಹುಣ್ಣಿಮೆ ಚಂದ್ರ ಟೆಲಿಸ್ಕೋಪಲ್ಲಿ ಸಪ್ಪೆ. ಅರ್ಧ ಇದ್ದಾಗ ಬಿಸಿಲು ಓರೆಯಾಗಿ ಬೀಳುತ್ತಲ್ಲ, ಗುಂಡಿ ಗುಡ್ಡ ಎಲ್ಲ ನೆರಳಲ್ಲಿ ಎದ್ದು ಕಾಣುತ್ತೆ.”

*

ಅರ್ಧಚಂದ್ರನ ದಿನ ಅವನಿಗೆ ಹೋಗಲಾಗಲಿಲ್ಲ. ಆ ದಿನವೇ ಒಂದು ಬಟ್ಟೆ ಗಿರಣಿಯವರು ತಮ್ಮ ಕೆಲಸಗಾರರನ್ನೆಲ್ಲ ಕಣ್ಣು ಪರೀಕ್ಷೆಗೆ ಅಟ್ಟಿದ್ದರು. ಸಾಲು ಅಂಗಡಿಯಿಂದ ಹೊರಟು, ಬೀದಿ ದಾಟಿ, ದಿಗಂತದಲ್ಲಿ ಮಾಯವಾಗಿತ್ತು. ಕತ್ತಲಾಗುತ್ತಿದ್ದಂತೆ ಅವನು ಟೀ ಕುಡಿದು ಬರುತ್ತೇನೆಂದು ಮಾವನಿಗೆ ಹೇಳಿ ಅಂಗಡಿಯ ಮಹಡಿಗೆ ಓಡಿದ. ವಾರದ ಹಿಂದೆ ಕೊಂಡ ಫೋನನ್ನು ಆಕಾಶಕ್ಕೆ ಹಿಡಿದ, ಝೂಮ್ ಎಳೆದ, ಒತ್ತಿದ.

ಬಂದ ಚಿತ್ರ ನೋಡಿ ಅವನಿಗೇ ರೋಮ ನಿಮಿರಿತು. ಅರ್ಧ ಚಂದ್ರ, ಒಂದೊಂದು ಕುಳಿಯೂ ನಾಣ್ಯದ ಅಚ್ಚಿನಂತೆ. ಕೈ ತಡೆಯದೆ, ಬಿಲ್ಲಿನಲ್ಲಿ ಬರೆದುಕೊಂಡಿದ್ದ ಅವಳ ನಂಬರಿಗೆ ಕಳಿಸಿದ.

ಸ್ವಲ್ಪ ಹೊತ್ತಿಗೆ ಅವಳದೇ ಫೋನು ಬಂತು.

“ಇದು ಈಗ ತೆಗೆದಿದ್ದಾ? ಫೋನಲ್ಲಾ?”

“ಫೋನ್ ಒಂದು ನೆಪ ಮೇಡಂ,” ಎಂದ ಲೇಟೆಸ್ಟು. “ಕೈ ಮುಖ್ಯ. ಉಸಿರು ಹಿಡೀಬೇಕು, ಎರಡು ಎದೆಬಡಿತದ ನಡುವೆ ಒತ್ತಬೇಕು. ಗೇಮ್‌ನಲ್ಲಿ ಸ್ನೈಪರ್ ಆಡಿ ಆಡಿ ಅಭ್ಯಾಸ.”

ಆ ಬಡಾಯಿಯ ಭಾರಕ್ಕೆ ಮಹಡಿ ಒಂದು ಗೇಣು ಕುಸಿಯಿತು.

ಆ ಕಡೆ ಹಾಳೆ ಸರಿದ ಸದ್ದಾಯಿತು. ಆಮೇಲೆ ಕೇಳಿದಳು: “ಇದರಲ್ಲಿ ಏನೂ ಬಿಟ್ಟು ಹೋಗಿರಲ್ಲ, ಅಲ್ವಾ? ಇದ್ದದ್ದೆಲ್ಲ ಬಂದಿರುತ್ತೆ?”

“ಒಂದು ಧೂಳು ಕೂಡ ತಪ್ಪಿಸ್ಕೊಂಡಿಲ್ಲ ಮೇಡಂ.”

“ಹಾಗಾದ್ರೆ ಸರಿ,” ಎಂದಳು. ದನಿ ಯಾಕೋ ತೆಳ್ಳಗಾಗಿತ್ತು. ಅವನಿಗೆ ಅದು ಮೆಚ್ಚುಗೆಯಂತೆ ಕೇಳಿಸಿತು. ಗಂಡಸರಿಗೆ ಆ ವಯಸ್ಸಿನಲ್ಲಿ ಟ್ರಾಫಿಕ್ಕಿನ ಹಾರನ್ನೂ ಮೆಚ್ಚುಗೆಯಂತೆಯೇ ಕೇಳಿಸುತ್ತದೆ.

ಅಲ್ಲಿಂದ ಮೇಲೆ ಅವಳು ಅಂಗಡಿಗೆ ಬರುವುದು ಹೆಚ್ಚಾಯಿತು. ಅವಳು ಒಯ್ದ ಒರೆಸುವ ಬಟ್ಟೆಗಳನ್ನು ಜೋಡಿಸಿ ಹೊಲಿದಿದ್ದರೆ ವಿಜ್ಞಾನ ಕೇಂದ್ರಕ್ಕೇ ಒಂದು ಮುಸುಕು ಆಗುತ್ತಿತ್ತು. ಬಂದಾಗ ಕೌಂಟರಿಗೆ ಮೊಣಕೈ ಊರಿ ನಿಲ್ಲುವಳು. ಅವನು ಹೊಸ ಹೆಡ್‌ಸೆಟ್ಟಿನ ಬಗ್ಗೆ ಹೇಳುವನು. ಅವಳು ಅವನ ಮಾತಿಗಿಂತ ಹೆಚ್ಚು ಅವನ ಕೈ ಗಾಳಿಯಲ್ಲಿ ಬರೆಯುವ ಚಿತ್ರಗಳನ್ನು ನೋಡುತ್ತ, ತುಟಿಯ ಒಂದು ಮೂಲೆಯಲ್ಲಿ ನಗು ಹಿಡಿದಿಡುವಳು.

“ನಿಮಗೆ ಗೊತ್ತಿಲ್ಲದ್ದು ಯಾವುದಾದರೂ ಇದೆಯಾ?” ಎಂದು ಒಮ್ಮೆ ಕೇಳಿದಳು.

“ಹುಡುಕ್ತಾ ಇದ್ದೀನಿ ಮೇಡಂ.”

“ಸಿಕ್ಕಿದ ದಿನ ಹೇಳಿ. ಸಿಹಿ ಹಂಚೋಣ.”

*

ಇಲ್ಲಿ ಮಾವನ ತಲೆಯ ವಿಷಯ ಹೇಳಲೇಬೇಕು. ಒಂದೇ ಒಂದು ಕೂದಲಿಲ್ಲದ ಆ ತಲೆ ಎಷ್ಟು ನುಣುಪೆಂದರೆ, ಅದರ ಮೇಲೆ ಕೂರಲು ಬಂದ ನೊಣಗಳು ಜಾರಿ ಬಿದ್ದು ಕುಂಟುತ್ತ ಹೋದದ್ದುಂಟು.

ಒಂದು ಸಂಜೆ ಕರೆಂಟು ಹೋಯಿತು. ಅಂಗಡಿಯ ಆ ತುದಿಯಲ್ಲಿ ಮಾವ ಬಗ್ಗಿ, ಕೆಳಗಿನ ಕಪಾಟಿನಲ್ಲಿ ಮೇಣದಬತ್ತಿ ಹುಡುಕುತ್ತಿದ್ದ. ಪಕ್ಕದಲ್ಲಿಟ್ಟ ಎಮರ್ಜೆನ್ಸಿ ದೀಪದ ಬೆಳಕು ಅವನ ತಲೆಯ ಮೇಲೆ ಓರೆಯಾಗಿ ಬಿದ್ದಿತ್ತು. ಕನ್ನಡಕದ ಕಡ್ಡಿ ಬಿಗಿ ಮಾಡಿಸಲು ಬಂದಿದ್ದ ಅಕ್ಕ ಈ ತುದಿಯಲ್ಲಿ ಬೀಸಣಿಗೆ ಹಾಕಿಕೊಳ್ಳುತ್ತಿದ್ದಳು.

“ಕತ್ತಲಲ್ಲಿ ನನ್ನ ಫೋನ್ ಹೇಗೆ ತೆಗಿಯುತ್ತೆ ನೋಡಕ್ಕಾ,” ಎಂದು ಲೇಟೆಸ್ಟು ಝೂಮ್ ಎಳೆದು ಒತ್ತಿದ.

ಪರದೆಯ ಮೇಲೆ ಮಾವನ ತಲೆ ಮೂಡಿತು. ಅದರ ಮೇಲೆ ಕುಳಿಗಳಿದ್ದವು. ಬೂದು ಬಯಲುಗಳಿದ್ದವು. ಕೆಳಗಿನ ಒಂದು ದೊಡ್ಡ ಕುಳಿಯಿಂದ ನಾಲ್ಕೂ ದಿಕ್ಕಿಗೆ ಬಿಳಿ ಗೆರೆಗಳು ಚಿಮ್ಮಿದ್ದವು.

ಅಕ್ಕ ಒಂದು ಕ್ಷಣ ನೋಡಿದಳು, ಆಮೇಲೆ ನೆಲದ ಮೇಲೆ ಕೂತೇಬಿಟ್ಟಳು. ಅವಳ ನಗುವಿಗೆ ಕಪಾಟಿನ ಗಾಜು ಅದುರಿತು, ಬೀದಿಯ ನಾಯಿಗಳು ಉತ್ತರ ಕೊಟ್ಟವು.

“ಮಾವಾ, ನಿಮ್ಮ ತಲೆ ಮೇಲೆ ರಾಕೆಟ್ ಇಳಿಸಬಹುದು.”

“ಬಾಡಿಗೆ ಮಾತಾಡಿ ಇಳಿಸಲಿ,” ಎಂದ ಮಾವ ಕಪಾಟಿನೊಳಗಿಂದ.

ನಗದೆ ನಿಂತವನು ಲೇಟೆಸ್ಟು ಒಬ್ಬನೇ. ಮಹಡಿಯ ಮೇಲೆ ತೆಗೆದ ಚಿತ್ರವನ್ನು ಪಕ್ಕದಲ್ಲಿಟ್ಟು ನೋಡಿದ. ಅದೇ ಕುಳಿ, ಅದೇ ಬಯಲು, ಅದೇ ಬಿಳಿ ಗೆರೆ.

ಹಿಂದಿನ ಕೋಣೆಗೆ ಹೋಗಿ ಟೇಬಲ್ ಟೆನಿಸ್ ಚೆಂಡಿನ ಮೇಲೆ ಟಾರ್ಚು ಬಿಟ್ಟು ಫೋಟೋ ತೆಗೆದ. ಚಂದ್ರ. ಡಬ್ಬಿಯ ಮುಚ್ಚಳ. ಚಂದ್ರ. ಲೆನ್ಸ್ ಸುತ್ತಿ ಬರುವ ಹತ್ತಿಯ ಉಂಡೆ. ಅದೂ ಚಂದ್ರ. ಕತ್ತಲಲ್ಲಿ ದುಂಡಗೆ, ಬೆಳ್ಳಗೆ ಏನು ಕಂಡರೂ ಈ ಫೋನು ನೋಡುವ ಗೋಜಿಗೆ ಹೋಗುತ್ತಿರಲಿಲ್ಲ. ಯಾವತ್ತೋ ಬಾಯಿಪಾಠ ಮಾಡಿಕೊಂಡ ಚಂದ್ರನನ್ನು ತಂದು ಅದರ ಮೇಲೆ ಮೆತ್ತುತ್ತಿತ್ತು. ಆ ಸಂಜೆ ಅವನ ಸ್ಥಿರವಾದ ಕೈ, ಹಿಡಿದ ಉಸಿರು, ಎರಡು ಎದೆಬಡಿತದ ನಡುವಿನ ಗಳಿಗೆ ಎಲ್ಲ ಸೇರಿ ತೆಗೆದದ್ದು ಒಂದು ಬಿಳಿ ಮಸುಕು ಮಾತ್ರ. ಮಿಕ್ಕದ್ದು ಫೋನಿನ ಉಪಕಾರ.

ಅವನಿಗೆ ಆದ ನಾಚಿಕೆ ಅಷ್ಟಿಷ್ಟಲ್ಲ. ಕಿವಿಯಿಂದ ಹೊರಟ ಬಿಸಿಯಲ್ಲಿ ಒಂದು ಕೊಡ ನೀರು ಕಾಯುತ್ತಿತ್ತು. ಊರಿಗೆಲ್ಲ ಗ್ಯಾಜೆಟ್ಟಿನ ಒಳಹೊರಗು ಬಿಡಿಸಿ ಹೇಳುವವನು ತನ್ನ ಜೇಬಿನಲ್ಲಿದ್ದ ಗ್ಯಾಜೆಟ್ಟಿನಿಂದ ಮಕ್ಕಳಂತೆ ಮೋಸ ಹೋಗಿದ್ದ. ಮೋಸ ಹೋದದ್ದು ಸಾಲದೆಂದು ಅದಕ್ಕೆ ತನ್ನ ಎದೆಬಡಿತವನ್ನೂ ಒಗ್ಗರಣೆ ಹಾಕಿ ಅವಳಿಗೆ ಬಡಿಸಿದ್ದ.

ಹೇಳಿಬಿಡಬೇಕು ಎಂದುಕೊಂಡ. ಮೆಸೇಜ್ ಬರೆದ, ಅಳಿಸಿದ, ಬರೆದ, ಅಳಿಸಿದ. ಕೊನೆಗೆ ಕಳಿಸಿದ್ದು ‘ಟೀ ಆಯ್ತಾ’ ಎಂದು. ಒಂದು ಫೋಟೋದಿಂದ ಯಾರಿಗೇನು ನಷ್ಟ, ಅವಳೂ ಮರೆತಿರುತ್ತಾಳೆ ಎಂದು ತನಗೆ ತಾನೇ ಹೇಳಿಕೊಂಡ.

*

ಅವಳು ಮರೆತಿರಲಿಲ್ಲ.

“ನನ್ನ ಕಣ್ಣು ಟೆಸ್ಟ್ ಮಾಡ್ಬೇಕು,” ಎನ್ನುತ್ತ ಒಂದು ಬೆಳಿಗ್ಗೆ ಬಂದಳು. ಮೊಣಕೈ ಊರಲಿಲ್ಲ, ಹುಬ್ಬು ಏರಲಿಲ್ಲ. ನೇರ ಒಳಕೋಣೆಗೆ ಹೋಗಿ ಎತ್ತರದ ಕುರ್ಚಿಯಲ್ಲಿ ಕೂತಳು.

“ಏನಾಯ್ತು ಮೇಡಂ?”

“ಇಲ್ಲದ್ದು ಕಾಣಿಸ್ತಿದೆ.” ಕೈಗಳನ್ನು ಮಡಿಲಲ್ಲಿ ಹೆಣೆದುಕೊಂಡಳು. “ಹೋದ ಅರ್ಧಚಂದ್ರನ ದಿನ ಒಂದು ಚುಕ್ಕೆ ನೋಡಿದ್ದೆ. ಬೆಳಕಿನ ಅಂಚಿಂದ ಈ ಕಡೆ, ಪೂರ್ತಿ ಕತ್ತಲಿರೋ ಭಾಗದಲ್ಲಿ, ಒಂಟಿಯಾಗಿ. ಅಲ್ಲೊಂದು ಎತ್ತರದ ಬೆಟ್ಟ ಇದ್ರೆ ಅದರ ತುದಿಗೆ ಬಿಸಿಲು ಮೊದಲು ಮುಟ್ಟುತ್ತೆ, ಸುತ್ತ ಎಲ್ಲ ಇನ್ನೂ ಕತ್ತಲು. ಆದ್ರೆ ಇದು ಅಂಚಿಂದ ತುಂಬಾ ದೂರ ಇತ್ತು. ಅಷ್ಟು ದೂರದಲ್ಲಿ ನಾನು ಯಾವತ್ತೂ ನೋಡಿಲ್ಲ. ಕೈ ನಡುಗ್ತಿತ್ತು. ಹಾಳೆ ಮೇಲೆ ಇಟ್ಟೆ, ಬಿಳಿ ಪೆನ್ಸಿಲಲ್ಲಿ.”

“ಆಮೇಲೆ?”

“ಆಮೇಲೆ ನಿಮ್ಮ ಫೋಟೋ ಬಂತು. ಅದೇ ಸಂಜೆ, ಅದೇ ಹೊತ್ತು. ಅದರಲ್ಲಿ ಇರಲಿಲ್ಲ. ನಿಮ್ಮನ್ನ ಕೇಳಿದೆ ಕೂಡ. ಚುಕ್ಕೆ ಅಳಿಸ್ಬಿಟ್ಟೆ.”

ಲೇಟೆಸ್ಟುವಿನ ಕೈಯಲ್ಲಿದ್ದ ಲೆನ್ಸು ಟ್ರೇಗೆ ಬಿದ್ದು ಕಿಣಿ ಎಂದಿತು.

“ಒಂದು ತಪ್ಪು ಕಂಡ ಮೇಲೆ ಹಳೇದೆಲ್ಲ ಅನುಮಾನ ಬರುತ್ತೆ,” ಎಂದಳು. “ಮೆಟ್ಟಿಲ ಹತ್ತಿರ ನಿಂತು ನನ್ನ ಚಿತ್ರಗಳನ್ನೇ ನೋಡ್ತೀನಿ. ಇದು ನಿಜವಾಗಿ ಇತ್ತಾ, ನಾನೇ ಸೇರಿಸಿದ್ದಾ ಅಂತ. ಡೈರೆಕ್ಟರ್‌ಗೆ ಹೇಳಿದ್ದೀನಿ, ನಾಡಿದ್ದು ಅರ್ಧಚಂದ್ರ, ಜನ ಬರೋ ಮೊದಲು ಅವನ್ನೆಲ್ಲ ತೆಗೆಸಿ ಅಂತ. ಬಾಗಿಲಲ್ಲಿ ನಿಮ್ಮ ಫೋಟೋ ದೊಡ್ಡದಾಗಿ ಹಾಕ್ತಿದ್ದೀವಿ. ನಿಮಗೆ ಸರ್ಪ್ರೈಸ್ ಕೊಡಬೇಕು ಅಂತಿದ್ದೆ.”

ಅವನು ಅವಳ ಮೂಗಿನ ಮೇಲೆ ಪರೀಕ್ಷೆಯ ದುಂಡು ಚೌಕಟ್ಟು ಕೂರಿಸಿದ. ಒಂದು ಕಣ್ಣಿಗೆ ಕಪ್ಪು ಬಿಲ್ಲೆ ಹಾಕಿದ. ಅವಳು ಚಾರ್ಟಿನ ದೊಡ್ಡ ಅಕ್ಷರದಿಂದ ಹಿಡಿದು ಕೊನೆಯ ಸಾಸಿವೆ ಅಕ್ಷರದವರೆಗೆ ಓದಿದಳು. ಅದರ ಕೆಳಗೆ ಚಾರ್ಟು ಅಚ್ಚಾದ ಪ್ರೆಸ್ಸಿನ ವಿಳಾಸವಿತ್ತು, ಅದನ್ನೂ ಓದಿದಳು. ಅವಳ ಹಿಂದಿನ ಗೋಡೆಯ ಮೇಲೆ ಏನಾದರೂ ಬರೆದಿದ್ದರೆ ತಲೆಯ ಹಿಂಭಾಗದಿಂದ ಅದನ್ನೂ ಓದುತ್ತಿದ್ದಳೇನೋ. ಸಣ್ಣ ಟಾರ್ಚು ಹಿಡಿದು ಹತ್ತಿರ ಬಾಗಿದ. ಅವಳ ಉಸಿರು ಅವನ ಕೆನ್ನೆಗೆ ತಾಗಿತು. ಕಂದು ಕಣ್ಣಿನ ನಡುವಿನ ಕಪ್ಪು, ಬೆಳಕು ಕಂಡು ಮೆಲ್ಲಗೆ ಕಿರಿದಾಯಿತು. ಇಷ್ಟು ಸ್ವಚ್ಛವಾದ ಕಣ್ಣನ್ನು ಅವನು ಆ ಕುರ್ಚಿಯಲ್ಲಿ ನೋಡಿರಲಿಲ್ಲ.

“ಹೇಳಿ ಡಾಕ್ಟ್ರೇ,” ಎಂದಳು ಕಣ್ಣು ಮಿಟುಕಿಸದೆ. “ಕೆಟ್ಟಿದೆಯಾ?”

ಇಲ್ಲ ಎಂದರೆ ಮುಂದಿನದ್ದನ್ನೂ ಹೇಳಬೇಕಿತ್ತು. ಬಾಯಿ ತೆರೆದ. ಅವಳು ನಂಬಿಕೆಯಿಂದ ಮುಖ ಮೇಲೆತ್ತಿ ಕೂತಿದ್ದಳು. ಆ ಮುಖ ತನ್ನ ಮಾತು ಕೇಳಿ ಬದಲಾಗುವುದನ್ನು ನೋಡುವ ಧೈರ್ಯ ಅವನಿಗಿರಲಿಲ್ಲ.

“ಸ್ವಲ್ಪ ಆಯಾಸ ಆಗಿದೆ,” ಎಂದ. “ಒಂದು ವಾರ ಟೆಲಿಸ್ಕೋಪ್ ಬೇಡ. ಈ ಡ್ರಾಪ್ಸ್ ಹಾಕ್ಕೊಳ್ಳಿ.”

“ಒಂದು ವಾರಾನಾ,” ಎಂದಳು. ಆಮೇಲೆ ತಲೆಯಾಡಿಸಿ, ಬಾಟಲಿಯನ್ನು ಚೀಲಕ್ಕೆ ಹಾಕಿಕೊಂಡು ಹೋದಳು.

ಅವಳು ಬೀದಿಯ ತಿರುವು ದಾಟುವವರೆಗೂ ಲೇಟೆಸ್ಟು ನೋಡುತ್ತ ನಿಂತ. ಮೊದಲ ಸುಳ್ಳು ಅವನಿಗೆ ಗೊತ್ತಿಲ್ಲದೆ ಆದದ್ದು. ಇದು ಬಿಳಿ ಕೋಟು ಹಾಕಿಕೊಂಡು, ಅವಳ ಮುಖಕ್ಕೆ ಬೆಳಕು ಬಿಟ್ಟುಕೊಂಡು, ಬೇಕೆಂದೇ ಹೇಳಿದ್ದು. ಕೋಟು ಬಿಚ್ಚಿ ಮೊಳೆಗೆ ನೇತುಹಾಕಿದ. ಅದನ್ನು ಮತ್ತೆ ತೊಡಲು ಕೈ ಬರಲಿಲ್ಲ. ಆ ದಿನ ಬಂದವರನ್ನೆಲ್ಲ ನಾಳೆ ಬನ್ನಿ ಎಂದು ಕಳಿಸಿದ.

*

ಸಂಜೆ ಆನ್‌ಲೈನ್ ಗೇಮಿನಲ್ಲಿ ಅಕ್ಕ ಸಿಕ್ಕಳು. ಅಕ್ಕ ಇರುವುದು ಎರಡು ಬೀದಿ ಆಚೆ. ಬೆಳಿಗ್ಗೆ ಮಕ್ಕಳ ಟಿಫಿನ್ ಡಬ್ಬಿ ಕಟ್ಟುವ ಅದೇ ಕೈಯಿಂದ ಸಂಜೆ ಸ್ನೈಪರ್ ಬಂದೂಕು ಹಿಡಿದರೆ, ಐದು ಖಂಡಗಳ ಆಟಗಾರರು ಕಂಪ್ಯೂಟರ್ ಆಫ್ ಮಾಡಿ ಮಲಗುತ್ತಿದ್ದರು. ಹೆಡ್‌ಸೆಟ್ಟಿನಲ್ಲಿ ಲೇಟೆಸ್ಟು ಎಲ್ಲವನ್ನೂ ಹೇಳಿದ. ಡ್ರಾಪ್ಸಿನ ವಿಷಯ ಮಾತ್ರ ನುಂಗಿದ. ಅಕ್ಕ ಅದನ್ನೂ ಹೊರಗೆಳೆದಳು.

“ಅವಳ ಕಣ್ಣು ಸರಿಯಿದೆ ಅಂತ ನಿನಗೆ ಗೊತ್ತಿತ್ತು.”

“ಹ್ಞೂಂ.”

“ಗೊತ್ತಿದ್ದೂ ಡ್ರಾಪ್ಸ್ ಕೊಟ್ಟೆ.”

“ಬರೀ ತಂಪು ಮಾಡೋದು ಅಕ್ಕ ಅದು. ಏನೂ ಆಗಲ್ಲ.”

ಅಕ್ಕ ಬಂದೂಕು ಕೆಳಗಿಟ್ಟಳು. ಮೊದಲ ಸಲ ಅವಳು ಆಟದ ನಡುವೆ ಸುಮ್ಮನೆ ನಿಂತದ್ದು. ಎದುರಾಳಿಗಳೂ ಭಯದಿಂದ ನಿಂತರು.

“ನೀನು ಗೋಡೆ ಹಿಂದೆ ಅಡಗಿ ಕೂರೋದು ಗೇಮಲ್ಲಿ ಮಾತ್ರ ಅಂದ್ಕೊಂಡಿದ್ದೆ ಕಣೋ. ಮಾವನ ತಲೆ ಫೋಟೋಗೆ ನಾನು ಅವತ್ತೆಲ್ಲ ನಕ್ಕೆ. ಇದಕ್ಕೆ ನಗು ಬರ್ತಿಲ್ಲ.”

“ಹೇಳಿದ್ರೆ ಅವಳು ಮತ್ತೆ ನನ್ನ ಮುಖ ನೋಡಲ್ಲ.”

“ನೋಡ್ದೇ ಇರಲಿ. ಅವಳು ನೋಡಬೇಕಾಗಿರೋದು ನಿನ್ನ ಮುಖಾನಾ, ಚಂದ್ರನ್ನಾ?”

*

ಅರ್ಧಚಂದ್ರನ ದಿನ ಮಧ್ಯಾಹ್ನ ಲೇಟೆಸ್ಟು ವಿಜ್ಞಾನ ಕೇಂದ್ರಕ್ಕೆ ನಡೆದ. ದಾರಿ ಹತ್ತಿರದ್ದೇ, ಅವನ ಕಾಲಿಗೆ ಮಾತ್ರ ಅದು ಮರುಭೂಮಿ ದಾಟಿದಷ್ಟಾಯಿತು. ಬಾಗಿಲಲ್ಲೇ ಅವನ ಚಂದ್ರ ನಿಂತಿದ್ದ, ಆಳೆತ್ತರ. ಮೆಟ್ಟಿಲ ಗೋಡೆಯಲ್ಲಿ ಮೊಳೆಗಳಷ್ಟೇ ಉಳಿದಿದ್ದವು. ಮೊಳೆಯ ಕೆಳಗೆ ಒಂದೊಂದು ಚೌಕ, ಸುತ್ತಲಿನ ಗೋಡೆಗಿಂತ ಬೆಳ್ಳಗೆ.

ಅವಳು ಮೇಲಿನ ಕೋಣೆಯಲ್ಲಿ ನೆಲದ ಮೇಲೆ ಕೂತು ಚಿತ್ರಗಳನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತುತ್ತಿದ್ದಳು. ಅವನನ್ನು ಕಂಡು ಮುಖ ಅರಳಿತು. ಆ ಅರಳಿದ ಮುಖ ಅವನಿಗೆ ಕಪಾಳಕ್ಕೆ ಹೊಡೆದಂತಾಯಿತು.

“ಬಾಗಿಲಲ್ಲಿ ನೋಡಿದ್ರಾ?”

“ನೋಡಿದೆ. ಕಿಟಕಿ ಪರದೆ ಎಳೀತೀರಾ? ಒಂದು ತೋರಿಸಬೇಕು.”

ಕೋಣೆ ಕತ್ತಲಾಯಿತು. ಮೇಜಿನ ಮೇಲೊಂದು ಪಿಂಗಾಣಿ ಬಟ್ಟಲಿತ್ತು. ಅದನ್ನು ಬೋರಲು ಹಾಕಿ, ಪಕ್ಕದಲ್ಲಿ ಟಾರ್ಚು ಇಟ್ಟ. ಎದುರು ಮೂಲೆಗೆ ಹೋಗಿ ಝೂಮ್ ಎಳೆದು ಒತ್ತಿದ. ಫೋನನ್ನು ಅವಳ ಕೈಗೆ ಕೊಟ್ಟು, ದೂರ ಸರಿದು ನಿಂತ.

ಅವಳು ಪರದೆ ನೋಡಿದಳು. ಬಟ್ಟಲು ನೋಡಿದಳು. ಮತ್ತೆ ಪರದೆ ನೋಡಿದಳು.

“ಬಾಗಿಲಲ್ಲಿರೋದೂ ಇಷ್ಟೇ,” ಎಂದ. “ಫೋನ್ ಏನನ್ನೂ ನೋಡಿಲ್ಲ. ಅದಕ್ಕೆ ಗೊತ್ತಿರೋ ಚಂದ್ರನ್ನ ಅಂಟಿಸಿದೆ. ಕೈ, ಉಸಿರು, ಎದೆಬಡಿತ, ಅದೆಲ್ಲ ನಾನು ಬಿಟ್ಟ ಬೊಗಳೆ. ನೀವು ಕಂಡ ಚುಕ್ಕೆ ಅದರಲ್ಲಿ ಬರೋ ಹಾಗೇ ಇರಲಿಲ್ಲ.”

ಅವಳು ಫೋನನ್ನು ಮೇಜಿನ ಮೇಲಿಟ್ಟಳು. ಬಟ್ಟಲನ್ನು ಎತ್ತಿ ಸರಿಯಾಗಿಟ್ಟಳು.

“ಯಾವಾಗ ಗೊತ್ತಾಯ್ತು?”

ಅವಳು ಇದೊಂದನ್ನು ಕೇಳದಿರಲಿ ಎಂದು ಅವನು ದಾರಿಯುದ್ದಕ್ಕೂ ಹಾರೈಸುತ್ತ ಬಂದಿದ್ದ.

“ಸ್ವಲ್ಪ ದಿನ ಆಯ್ತು.”

“ಮೊನ್ನೆ ನಾನು ಕುರ್ಚಿ ಮೇಲೆ ಕೂತಿದ್ದಾಗ ಗೊತ್ತಿತ್ತಾ?”

“ಗೊತ್ತಿತ್ತು.”

“ಕಣ್ಣಿಗೆ ಟಾರ್ಚ್ ಬಿಟ್ಟಾಗ?”

“ಗೊತ್ತಿತ್ತು. ನಿಮ್ಮ ಕಣ್ಣಲ್ಲಿ ಏನೂ ದೋಷ ಇಲ್ಲ. ಅಷ್ಟು ಒಳ್ಳೆ ಕಣ್ಣು ನಾನು ನೋಡಿಲ್ಲ. ಹೇಳೋಕೆ ಹೆದರಿಕೆ ಆಯ್ತು.”

ನೆಲ ಬಾಯಿ ಬಿಡಲಿ ಎಂದು ಅವನು ಕಾದ. ನೆಲ ಅವನನ್ನು ಒಳಗೆ ತೆಗೆದುಕೊಳ್ಳಲೂ ಒಪ್ಪಲಿಲ್ಲ.

“ಫೋಟೋಗೆ ಸಿಟ್ಟಿಲ್ಲ,” ಎಂದಳು ಕೊನೆಗೆ. ದನಿ ಏರಲಿಲ್ಲ, ಏರಿದ್ದರೆ ಅವನಿಗೆ ಎಷ್ಟೋ ಸುಲಭವಾಗುತ್ತಿತ್ತು. “ಯಾರಾದರೂ ಮೋಸ ಹೋಗ್ತಾರೆ. ಆದ್ರೆ ಎರಡು ದಿನದಿಂದ ನಾನು ಕಣ್ಣು ಮುಚ್ಚಿ ಮಲಗಿ, ಇನ್ನು ಏನು ಕೆಲಸ ಹುಡುಕೋದು ಅಂತ ಯೋಚನೆ ಮಾಡ್ತಿದ್ದೆ. ನೀವು ಕೊಟ್ಟ ಡ್ರಾಪ್ಸ್ ಹೇಳಿದ ಹೊತ್ತಿಗೆ ಹಾಕ್ಕೊಂಡು.”

ಅವನು ಮೇಜಿನ ಮೇಲಿನ ಟಾರ್ಚನ್ನು ಆರಿಸಿದ.

ಅವಳು ಪರದೆ ಸರಿಸಿದಳು. ಬೆಳಕು ಬಂತು.

“ಸಂಜೆ ಜನ ಬರ್ತಾರೆ. ಆ ಫೋಟೋ ಅಲ್ಲೇ ಇರಲಿ. ಅದರ ಪಕ್ಕ ನಿಂತು, ಬಂದವರಿಗೆಲ್ಲ ನೀವೇ ಹೇಳಿ ಅದೇನು ಅಂತ. ನನಗೆ ಹೇಳಿದ ಹಾಗೇ. ಬೊಗಳೆ ಅನ್ನೋದನ್ನೂ ಸೇರಿಸಿ.”

*

ಹೇಳಿದ. ಬಂದ ಪ್ರತಿಯೊಬ್ಬರಿಗೂ ಹೇಳಿದ. ಮೊದಮೊದಲು ತನ್ನ ಚಪ್ಪಲಿಗೆ ಹೇಳುವಂತೆ ಹೇಳಿದ, ಆಮೇಲೆ ತಲೆ ಎತ್ತಿ ಹೇಳಿದ. ಶಾಲೆಯ ಮೇಷ್ಟ್ರೊಬ್ಬರು ಕನ್ನಡಕ ಸರಿಪಡಿಸಿಕೊಂಡು, “ಅಂದ್ರೆ ನೀವು ಹೇಳಿದ ಸುಳ್ಳನ್ನ ನೀವೇ ನಂಬಿದ್ರಿ,” ಎಂದರು. ಹೌದು ಎಂದ. ನಂಬದವರಿಗಾಗಿ ಅಕ್ಕ ಮಾವನನ್ನೇ ಕರೆತಂದಿದ್ದಳು. ಮೆಟ್ಟಿಲ ಕೆಳಗಿನ ಕತ್ತಲಲ್ಲಿ ಸ್ಟೂಲಿನ ಮೇಲೆ ಮಾವ ಬೆನ್ನು ತಿರುಗಿಸಿ ಕೂತ. ಜನ ಸಾಲುಗಟ್ಟಿ ಅವನ ತಲೆಯ ಮೇಲೆ ಮೂಡುವ ಕುಳಿಗಳನ್ನು ನೋಡಿ ಹೋದರು.

“ಅಂಗಡಿ ಶುರು ಮಾಡಿ ಇಷ್ಟು ವರ್ಷ ಆಯ್ತು, ಯಾವತ್ತೂ ಇಷ್ಟು ಗಿರಾಕಿ ಬಂದಿಲ್ಲ,” ಎಂದ ಮಾವ ತೃಪ್ತಿಯಿಂದ.

ಕೊನೆಯವರು ಮೇಲೆ ಹೋಗಿ ಇಳಿದು ಬಂದ ಮೇಲೆ ಅವಳು ಮೆಟ್ಟಿಲ ತುದಿಯಲ್ಲಿ ಕಂಡಳು. ಕೈ ಬೀಸಲಿಲ್ಲ, ನಗಲಿಲ್ಲ. “ಬನ್ನಿ,” ಎಂದಳು ಅಷ್ಟೇ.

ಮಹಡಿಯ ಮೇಲೆ ಟೆಲಿಸ್ಕೋಪು ಅವಳ ಭುಜದೆತ್ತರಕ್ಕಿತ್ತು. ಪಕ್ಕದ ಪುಟ್ಟ ಮೇಜಿನ ಮೇಲೆ, ಸುತ್ತಿಟ್ಟಿದ್ದ ಬೆಡ್‌ಶೀಟಿನಿಂದ ಹೊರಗೆ ಬಂದ ಒಂದು ಕಪ್ಪು ಹಾಳೆ. ಅವಳು ಕಣ್ಣಿಟ್ಟು ಬಹಳ ಹೊತ್ತು ನೋಡಿದಳು. ಅವನು ಉಸಿರು ಬಿಗಿಹಿಡಿದ. ಈ ಸಲ ನಿಜವಾಗಿ.

“ಇಲ್ಲ,” ಎಂದಳು.

“ಏನಿಲ್ಲ?”

“ಚುಕ್ಕೆ. ಇವತ್ತು ಇಲ್ಲ.”

ಅವನು ಹಾಳೆಯ ಕಡೆ ನೋಡಿದ. “ಹಾಗಾದ್ರೆ...”

“ಬಿಸಿಲು ಇನ್ನೂ ಅಲ್ಲಿಗೆ ಮುಟ್ಟಿಲ್ಲದೇ ಇರಬಹುದು. ತಿಂಗಳು ತಿಂಗಳು ಇದೇ ಹೊತ್ತಿಗೆ ಅಂಚು ಅದೇ ಜಾಗದಲ್ಲಿ ಇರಲ್ಲ. ಇವತ್ತು ಕಾಣ್ತಿಲ್ಲ, ಇವತ್ತಿನ ಹಾಳೇಲಿ ಇಡಲ್ಲ.” ಪೆನ್ಸಿಲ್ ಎತ್ತಿಕೊಂಡಳು. ಹಳೆಯ ಹಾಳೆಯ ಕಪ್ಪಿನ ಮೇಲೆ, ಅಳಿಸಿದ ಕಲೆ ಇನ್ನೂ ಬೂದಿಯಂತಿದ್ದ ಜಾಗದಲ್ಲಿ, ತುದಿಯನ್ನು ಒಮ್ಮೆ ಒತ್ತಿದಳು. ಬಿಳಿ ಚುಕ್ಕೆ ಮೂಡಿತು. “ಅವತ್ತು ಕಂಡಿತ್ತು.”

ಕೈ ನಡುಗಲಿಲ್ಲ.

“ಈಗ ನೀವು ನೋಡಿ,” ಎಂದಳು.

ಇಷ್ಟೆಲ್ಲ ತಿಳಿದ ಲೇಟೆಸ್ಟು ಹುಟ್ಟಿದಂದಿನಿಂದ ಒಂದು ಟೆಲಿಸ್ಕೋಪಿಗೂ ಕಣ್ಣಿಟ್ಟವನಲ್ಲ. ಮೊದಲು ಮೂಗು ತಗುಲಿತು. ಆಮೇಲೆ ಹಣೆ ತಗುಲಿ ಕೊಳವೆ ಅಲುಗಿ ಚಂದ್ರ ಓಡಿಹೋದ. ಅವಳು ಅವನ ಗಲ್ಲಕ್ಕೆ ಎರಡು ಬೆರಳು ಕೊಟ್ಟು ತುಸು ಎಡಕ್ಕೆ ತಿರುಗಿಸಿದಳು. ಬೆರಳಿಗೆ ಪೆನ್ಸಿಲಿನ ಪುಡಿ ಅಂಟಿತ್ತು, ತಣ್ಣಗಿತ್ತು.

“ಏನು ಕಾಣ್ತಿದೆ? ಚಂದ್ರ ನನ್ನ ಹಾಗಿದ್ದಾನೆ ಅಂತೇನಾದ್ರೂ ಹೇಳಿದ್ರೆ ಇಲ್ಲಿಂದಲೇ ಕೆಳಗೆ ತಳ್ತೀನಿ.”

ಅವನು ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ಅಗಲಿಸಿ, ಪ್ರಾಮಾಣಿಕವಾಗಿ ಹುಡುಕಿದ.

“ನನ್ನ ರೆಪ್ಪೆ ಕೂದಲು,” ಎಂದ. “ಅದರಾಚೆ ಏನೋ ನಡುಗ್ತಾ ಇದೆ. ಏನು ಅಂತ ಗೊತ್ತಾಗ್ತಿಲ್ಲ.”

ಅವಳು ನಕ್ಕಳು. ಬಹಳ ದಿನದ ಮೇಲೆ ಬಂದ ನಗು. ಇಡೀ ಬೀದಿಯ ದೀಪಗಳು ಒಮ್ಮೆ ಮಂಕಾಗಿ ಮತ್ತೆ ಉರಿದವು, ಆಣೆ ಮಾಡಿ ಹೇಳುತ್ತೇನೆ.

ಆ ನಗು ನಿಲ್ಲುವ ಮೊದಲೇ, ಕಣ್ಣನ್ನು ಟೆಲಿಸ್ಕೋಪಿನಿಂದ ತೆಗೆಯದೆಯೇ, ಅವಳ ಮುಖ ನೋಡಲು ಇನ್ನೂ ನಾಚಿಕೆಯಾಗುತ್ತಿದ್ದುದರಿಂದ ಹಾಗೆಯೇ ಬಗ್ಗಿ ನಿಂತುಕೊಂಡೇ, ಅವನು ಹೇಳಿದ:

“ನೀವು ಅಂದ್ರೆ ನನಗೆ ಇಷ್ಟ. ಇದರಲ್ಲಿ ನಾನು ಏನೂ ಸೇರಿಸಿಲ್ಲ.”

ನಗು ನಿಂತಿತು. ಕೆಳಗೆ ಎಲ್ಲೋ ಮಾವ ಅಕ್ಕನಿಗೆ ಏನೋ ಹೇಳುತ್ತಿದ್ದುದು ಕೇಳಿಸಿತು. ಅವನ ಬೆನ್ನು ನೋಯತೊಡಗಿತು, ಬಗ್ಗಿಯೇ ಇದ್ದ.

“ಗೊತ್ತಾಯ್ತು,” ಎಂದಳು ಅವಳು. “ಸೇರಿಸಿದ್ರೆ ಇನ್ನೂ ಚೆನ್ನಾಗಿ ಹೇಳ್ತಿದ್ರಿ.”

“ಕ್ಷಮಿಸ್ತೀರಾ?”

“ಇವತ್ತು ಇಲ್ಲ.” ಸ್ವಲ್ಪ ತಡೆದು, ಸ್ಟೂಲನ್ನು ಕಾಲಿಂದ ಅವನ ಕಡೆಗೆ ತಳ್ಳಿದಳು. “ಕೂತ್ಕೊಂಡು ನೋಡಿ. ಕಣ್ಣು ಹೊಂದ್ಕೊಳ್ಳೋಕೆ ಸಮಯ ಬೇಕು. ನಾನು ಇಲ್ಲೇ ಇರ್ತೀನಿ.”

ಅವನು ಕೂತ. ಅವಳು ಅವನ ಭುಜಕ್ಕೆ ತಾಗಿಯೂ ತಾಗದಂತೆ ಪಕ್ಕದಲ್ಲಿ ನಿಂತಳು. ಮೆಲ್ಲಮೆಲ್ಲಗೆ, ರೆಪ್ಪೆಗಳ ಆಚೆ, ಆ ನಡುಗುವುದು ನಡುಗುವುದನ್ನು ಬಿಡತೊಡಗಿತು.